ಸ್ವಂತ ಸೂರಿಲ್ಲದವರಿಗೂ ಸೌರವಿದ್ಯುತ್ತಿನ ಪಾಲು



ಕೇಂದ್ರ ಸರ್ಕಾರವು 2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯಘರ್ ಯೋಜನೆಯನ್ನು ಆರಂಭಿಸಿತು. ಒಂದು ಕೋಟಿ ಮನೆಗಳ ಮಾಳಿಗೆಗಳ ಮೇಲೆ ಸೌರಫಲಕಗಳನ್ನು ಅಳವಡಿಸುವುದು ಅದರ ಗುರಿ. ಅದಕ್ಕೆ ತೆಗೆದಿರಿಸಿದ ಹಣ 75,021 ಕೋಟಿ ರೂಪಾಯಿ. ಎರಡು ಕಿಲೋವಾಟಿನವರೆಗೆ ಪ್ರತಿ ಕಿಲೋವಾಟಿಗೆ 30,000 ರೂಪಾಯಿ, ಮೂರು ಮತ್ತು ಅದಕ್ಕೂ ಹೆಚ್ಚಿನ ಘಟಕಕ್ಕೆ ಒಟ್ಟು 78,000 ರೂಪಾಯಿ ಸಹಾಯಧನ ದೊರೆಯುತ್ತದೆ. ಯೋಜನೆ ಸ್ವಾಗತಾರ್ಹವೇ. ಆದರೆ ಈ ಹಣ ಕೈಸೇರುವುದು ಫಲಕಗಳನ್ನು ಅಳವಡಿಸಿದ ಮೇಲೆ. ಸ್ವಂತ ಮಾಳಿಗೆಯೂ, ಮುಂಗಡವಾಗಿ ತೊಡಗಿಸಲು ಹಣವೋ ಸಾಲವೋ ಉಳ್ಳವರಿಗೇ ಹೆಚ್ಚಾಗಿ ಅದರ ಫಲ.

ಉಳಿದವರ ಪಾಡೇನು? ಮಹಾನಗರಗಳ ಬಾಡಿಗೆ ಕೋಣೆಗಳಿಗೆ ವಿದ್ಯುತ್ತು ಬಂದಿದೆ, ನಿಜ. ಆದರೆ ಎಷ್ಟೋ ಕಡೆ ನಾಲ್ಕಾರು ಕೋಣೆಗಳಿಗೆ ಮಾಲೀಕರ ಹೆಸರಿನ ಒಂದೇ ಮೀಟರು. ಎಲ್ಲರ ಬಳಕೆಯೂ ಅದರಲ್ಲಿ ಕೂಡಿಕೊಂಡು ಮೇಲಿನ ಸ್ಲ್ಯಾಬಿನ ದರ ಬೀಳುತ್ತದೆ. ಮಿತವಾಗಿ ಬಳಸಿದ ಬಡ ಸಂಸಾರವೂ ಆ ದರವನ್ನೇ ತೆರಬೇಕಾಗುತ್ತದೆ. ಬಿಲ್ಲಿಗೆ ಹೆದರಿ ಬೇಸಗೆಯಲ್ಲೂ ಫ್ಯಾನು ನಿಲ್ಲಿಸುವ ಮನೆಯನ್ನು ಬೆಳಕು ಕಂಡ ಮನೆಯೆಂದು ಲೆಕ್ಕ ಬರೆದುಕೊಂಡರೆ ಸಾಕೇ?

ಇದಕ್ಕೆ ದಾರಿಯಿದೆ. ದೆಹಲಿಯ ವಿದ್ಯುತ್ ನಿಯಂತ್ರಣ ಆಯೋಗವು 2019ರಲ್ಲಿಯೇ ವರ್ಚುವಲ್ ನೆಟ್ ಮೀಟರಿಂಗ್ ಪದ್ಧತಿಗೆ ಮಾರ್ಗಸೂಚಿಗಳನ್ನು ಹೊರಡಿಸಿತು. ಒಂದೆಡೆ ಸ್ಥಾಪಿಸಿದ ಸೌರಘಟಕದ ಉತ್ಪಾದನೆಯನ್ನು ಬೇರೆಡೆ ಇರುವ ಹಲವು ಗ್ರಾಹಕರ ಬಿಲ್ಲುಗಳಲ್ಲಿ ಅವರವರ ಪಾಲಿನಂತೆ ಕಳೆಯುವುದೇ ಈ ಪದ್ಧತಿ. ಇಲ್ಲಿ ಸ್ವಂತ ಮಾಳಿಗೆ ಬೇಕಿಲ್ಲ, ತಮ್ಮ ಹೆಸರಿನ ಮೀಟರು ಬೇಕು. ಅದೇ ವರ್ಷ ಅಲ್ಲಿನ ಸರ್ಕಾರವು ಬಾಡಿಗೆದಾರರಿಗೆ ಪ್ರತ್ಯೇಕ ಮೀಟರು ನೀಡುವ ಯೋಜನೆಯನ್ನೂ ತಂದಿತು. ಇವೆರಡನ್ನೂ ಜೋಡಿಸಿ, ಬಡವರ ಪಾಲಿಗೆ ಸಹಾಯಧನವನ್ನು ಮೊದಲೇ ಸಲ್ಲಿಸುವ ನೀತಿಯನ್ನು ನಾವು ಸರ್ಕಾರಗಳಿಂದ ಕೇಳಬೇಕು.

ಸಾಲದ ವಿಷಯದಲ್ಲಿ ನಮ್ಮ ಕರ್ನಾಟಕದ ಅನುಭವವೇ ಮಾದರಿ. 1995ರಲ್ಲಿ ಆರಂಭವಾದ ಸೆಲ್ಕೋ ಸಂಸ್ಥೆಯು ಬ್ಯಾಂಕುಗಳನ್ನು ಒಪ್ಪಿಸಿ, ಬಡವರ ಆದಾಯ ಬರುವ ಕಾಲಕ್ಕೆ ಹೊಂದುವ ಕಂತುಗಳಲ್ಲಿ ಹಳ್ಳಿಯ ಮನೆಗಳಿಗೆ ಸೌರದೀಪಗಳನ್ನು ಒದಗಿಸಿತು. ಕಂತು ಅನುಕೂಲವಾಗಿದ್ದರೆ ಬಡವರೂ ಸಾಲ ತೀರಿಸಬಲ್ಲರೆಂಬುದನ್ನು ಅದು ತೋರಿಸಿಕೊಟ್ಟಿತು.

ಕೊನೆಯದಾಗಿ ನಮ್ಮನ್ನೇ ಕುರಿತು ಒಂದು ಮಾತು. ಈ ನಗರಗಳಲ್ಲಿ ಮನೆ, ಕೋಣೆಗಳನ್ನು ಬಾಡಿಗೆಗೆ ಕೊಟ್ಟವರು ನಮ್ಮಲ್ಲಿಯೂ ಇದ್ದಾರೆ. ಸರ್ಕಾರದ ನೀತಿ ಬದಲಾಗುವವರೆಗೆ ಅವರು ಕಾಯಬೇಕಿಲ್ಲ. ಬಾಡಿಗೆದಾರರ ಹೆಸರಿಗೆ ಮೀಟರು ದೊರೆಯುವಲ್ಲಿ ಒಪ್ಪಿಗೆಯ ಸಹಿ ಹಾಕಿಕೊಡಲಿ. ದೊರೆಯದ ಕಡೆ, ಬಿಲ್ಲಿನಲ್ಲಿರುವುದಕ್ಕಿಂತ ಒಂದು ರೂಪಾಯಿಯನ್ನೂ ಹೆಚ್ಚಿಗೆ ಪಡೆಯದಿರಲಿ. ಅಪರಿಗ್ರಹವನ್ನು ವ್ರತವೆಂದು ಎಣಿಸುವ ನಮಗೆ ಇದು ದೊಡ್ಡ ತ್ಯಾಗವೇನಲ್ಲ.