ಪರಕೀಯರೊಡನೆ ನಾರ್ವೆಯವರ ನಡೆ



ನಾರ್ವೆ ದೇಶದವರು ಪರಕೀಯರಲ್ಲಿ ಸ್ನೇಹವುಳ್ಳವರೋ ಅಲ್ಲವೋ ಎಂಬ ಪ್ರಶ್ನೆಗೆ, ಆ ನಾಡಿನಲ್ಲಿ ಕೆಲಕಾಲ ವಾಸಮಾಡಿ ಬಂದ ನಮ್ಮಿಂದ ತಾವು ಉತ್ತರವನ್ನು ಅಪೇಕ್ಷಿಸಿದ್ದೀರಿ. ಅಲ್ಲಿಗೆ ಹೋದ ಮೊದಲ ತಿಂಗಳಲ್ಲಿಯೇ ಕೇಳಿದ್ದರೆ ‘ಅಲ್ಲ’ ಎಂದು ಹೇಳಿಬಿಡುತ್ತಿದ್ದೆವು.

ನಮ್ಮಲ್ಲಿ ರೈಲಿನೊಳಗೆ ಪಕ್ಕದಲ್ಲಿ ಕುಳಿತವನು ಯಾವೂರು, ಯಾರ ಪೈಕಿ, ಮಕ್ಕಳೆಷ್ಟು ಎಂದು ಕೇಳದೆ ಎರಡು ಸ್ಟೇಶನ್ನು ದಾಟುವದಿಲ್ಲ. ಓಸ್ಲೋ ಪಟ್ಟಣದ ಟ್ರಾಮಿನಲ್ಲಾದರೋ ಜನರು ಒಬ್ಬರೇ ಕೂಡ್ರುವಂಥ ಸ್ಥಳವನ್ನು ಹುಡುಕುವರು. ಕಣ್ಣಿಗೆ ಕಣ್ಣು ಕೂಡಿದರೆ ಕಿಟಕಿಯ ಕಡೆಗೆ ಮೋರೆ ತಿರುಗಿಸುವರು. ಹೊಸದಾಗಿ ಹೋದವನಿಗೆ ಇದು ತಿರಸ್ಕಾರದಂತೆ ತೋರಿ, ಅಲ್ಲಿಯ ಚಳಿಗಾಲದ ಕತ್ತಲೆಗಿಂತಲೂ ಹೆಚ್ಚಾಗಿ ಬಾಧಿಸುವದು. ಆದರೆ ಅದು ತಿರಸ್ಕಾರವಲ್ಲ. ಇನ್ನೊಬ್ಬನ ಏಕಾಂತಕ್ಕೆ ಭಂಗ ತರಬಾರದೆಂಬ ಮರ್ಯಾದೆ. ನಮ್ಮ ಸೌಜನ್ಯವು ಮಾತಾಡಿಸುವದರಲ್ಲಿದೆ. ಅವರದು ಮಾತಾಡಿಸದೆ ಇರುವದರಲ್ಲಿದೆ.

ಹಾಗಾದರೆ ಅವರ ಸ್ನೇಹವೆಲ್ಲಿ? ಪೇಟೆಯಲ್ಲಿ ಮೌನಿಯಾದ ಅದೇ ಮನುಷ್ಯನು ಬೆಟ್ಟದ ಕಾಲುದಾರಿಯಲ್ಲಿ ಎದುರಾದರೆ ತಾನಾಗಿಯೇ ‘ಹೈ’ ಎಂದು ವಂದಿಸುವನು. 1868ರಲ್ಲಿ ಸ್ಥಾಪಿತವಾದ ಪರ್ವತಸಂಚಾರಿಗಳ ಸಂಘವೊಂದು ಅಲ್ಲಿ ನೂರಾರು ತಂಗುಮನೆಗಳನ್ನು ನಡೆಸುತ್ತಲಿದೆ. ಅವುಗಳಲ್ಲಿ ಎಷ್ಟೋ ಮನೆಗಳಿಗೆ ಕಾವಲುಗಾರನೇ ಇಲ್ಲ. ಕೀಲಿಕೈ ಪಡೆದ ಸದಸ್ಯನು, ಪರದೇಶದವನೇ ಆಗಿರಲಿ, ಒಳಹೊಕ್ಕು ಅಲ್ಲಿಟ್ಟ ದಿನಸಿಯಿಂದ ಅಡಿಗೆ ಮಾಡಿಕೊಂಡು, ಲೆಕ್ಕವನ್ನು ತಾನೇ ಬರೆದು ಹಣ ಸಲ್ಲಿಸುವನು. 1957ರ ಕಾಯಿದೆಯಂತೆ ಸಾಗುವಳಿಯಿಲ್ಲದ ಹೊರಭೂಮಿಯಲ್ಲಿ, ಅದು ಯಾರದೇ ಇರಲಿ, ನಡೆದಾಡುವ ಹಕ್ಕು ಸರ್ವರಿಗೂ ಇದೆ. ವಾಸದ ಮನೆಯಿಂದ 150 ಮೀಟರು ದೂರದಲ್ಲಿ ಡೇರೆ ಹಾಕಲೂಬಹುದು. ನೀನು ಯಾವ ದೇಶದವನೆಂದು ಆ ಕಾಯಿದೆಯು ಕೇಳುವದಿಲ್ಲ.

ನಮ್ಮ ಹಳ್ಳಿಗಳ ಮುಯ್ಯಾಳನ್ನು ನೆನಪಿಗೆ ತರುವ ‘ಡೂಗ್ನಾಡ್’ ಎಂಬ ಪದ್ಧತಿಯೊಂದು ಅವರಲ್ಲಿದೆ. ವಸಂತದಲ್ಲಿ ಒಂದು ದಿನ ನೆರೆಹೊರೆಯವರೆಲ್ಲ ಕೂಲಿಯಿಲ್ಲದೆ ಕೂಡಿ ಅಂಗಳವನ್ನು ಹಸನು ಮಾಡುವರು. ಆ ದಿನ ನಮ್ಮ ಕೈಗೂ ಒಂದು ಕಸಬರಿಗೆ ಬಂದಿತು. ಚಳಿಗಾಲವೆಲ್ಲ ತಲೆಯಾಡಿಸಿ ಸಾಗಿದ ನೆರೆಯವರು, ಕೆಲಸ ಮುಗಿದ ಮೇಲೆ ಕಾಫಿ ಕುಡಿಯುತ್ತ, ನಮ್ಮ ಊರು, ಭಾಷೆ, ತಾಯಿತಂದೆಗಳನ್ನೆಲ್ಲ ವಿಚಾರಿಸಿದರು. ಬಾಗಿಲು ಮುಚ್ಚಿರಲಿಲ್ಲ, ಅದು ಕೆಲಸದ ಕಡೆಗೆ ತೆರೆಯುವ ಬಾಗಿಲಾಗಿತ್ತು.

ಆದರೂ ಈ ಗುಣವು ಅವರಿಗೆ ಹುಟ್ಟಿನಿಂದ ಬಂದುದೆಂದು ತಿಳಿಯಬಾರದು. ಅವರ 1814ರ ರಾಜ್ಯಘಟನೆಯೇ ಯಹೂದಿಗಳಿಗೆ ದೇಶದೊಳಗೆ ಪ್ರವೇಶವನ್ನು ನಿಷೇಧಿಸಿತ್ತು. ಕವಿ ಹೆನ್ರಿಕ್ ವೆರ್ಗೆಲಾನ್ ಈ ಕಳಂಕವನ್ನು ತೊಳೆಯಲು ಹೋರಾಡಿ 1845ರಲ್ಲಿ ತೀರಿಕೊಂಡನು. ನಿಷೇಧವು ತೊಲಗಿದ್ದು 1851ರಲ್ಲಿ. ಅದೇ ದೇಶದ ಫ್ರಿಟ್ಯೋಫ್ ನಾನ್ಸೆನ್ನನು 1922ರಲ್ಲಿ ನೆಲೆಗೆಟ್ಟ ನಿರಾಶ್ರಿತರಿಗೆ ತನ್ನ ಹೆಸರಿನ ರಹದಾರಿಯನ್ನು ದೊರಕಿಸಿಕೊಟ್ಟನು. ತಿರುಗಿ 1942ರಲ್ಲಿ, ಜರ್ಮನರ ಆಕ್ರಮಣಕಾಲದಲ್ಲಿ, ಯಹೂದಿಗಳನ್ನು ಹಿಡಿದುಕೊಟ್ಟವರಲ್ಲಿ ನಾರ್ವೆಯ ಪೋಲೀಸರೂ ಇದ್ದರು. ಅದಕ್ಕಾಗಿ ಪ್ರಧಾನಮಂತ್ರಿಯು 2012ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದನು. ಸ್ನೇಹವೆಂಬುದು ಒಂದು ಜನಾಂಗದ ರಕ್ತದಲ್ಲಿಲ್ಲ. ಅದನ್ನು ಪ್ರತಿಯೊಂದು ತಲೆಮಾರೂ ಹೊಸದಾಗಿ ಗಳಿಸಬೇಕು.

ಮಹನೀಯರೇ, ಹರಿದು ಹಂಚಿಹೋಗಿದ್ದ ನಮ್ಮ ನಾಡು 1956ರಲ್ಲಿ ಒಂದಾಯಿತು. ಬಂದವರನ್ನು ಬಾಯ್ತುಂಬ ಮಾತಾಡಿಸುವ ನಮ್ಮ ರೂಢಿಯು ನಿಶ್ಚಯವಾಗಿಯೂ ಹೆಮ್ಮೆಗೆ ಯೋಗ್ಯವಾದುದು. ಆದರೆ ಯಾವೂರೆಂದು ಅಕ್ಕರೆಯಿಂದ ಕೇಳುವ ನಾವೇ, ಮನೆಯನ್ನು ಬಾಡಿಗೆಗೆ ಕೊಡುವಾಗ ಯಾವ ಜಾತಿಯೆಂದೂ ಕೇಳುತ್ತೇವೆ. ಮಾತು ಕಡಿಮೆಯಾದ ಆ ಜನರು ಬೀಗದ ಕೈಯನ್ನೇ ಅಪರಿಚಿತನಿಗೆ ಕೊಡುತ್ತಾರೆ. ನಮ್ಮ ಮಾತಿಗೆ ಅವರ ಆ ನಂಬಿಗೆಯೂ ಕೂಡಿದರೆ, ಕನ್ನಡಿಗರ ಮನೆ ನಿಜವಾಗಿಯೂ ದೊಡ್ಡದಾದೀತು.