ಕಿಟಕಿ ತೆರೆಯುವ ಹೊತ್ತು



ಗೋಡೆಯ ದಪ್ಪ, ಛಾವಣಿಯ ಸಾಮಗ್ರಿ, ಗಾಜಿನ ವಿಸ್ತಾರ ಇವಿಷ್ಟು ತಿಳಿದರೆ ಮನೆಯೊಂದು ವ್ಯಯಿಸುವ ಇಂಧನವನ್ನು ಮುಂಚಿತವಾಗಿಯೇ ಗಣಿಸಿಬಿಡಬಹುದೆಂಬ ನಂಬಿಕೆಗೆ ಬಲವಾದ ಪೆಟ್ಟು ಬಿದ್ದದ್ದು ಅಮೆರಿಕದ ನ್ಯೂಜೆರ್ಸಿ ಪ್ರಾಂತದ ಟ್ವಿನ್ ರಿವರ್ಸ್ ಎಂಬ ಬಡಾವಣೆಯಲ್ಲಿ. 1970ರ ದಶಕದಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ರಾಬರ್ಟ್ ಸೊಕೊಲೊ ಮತ್ತು ಅವರ ಸಹೋದ್ಯೋಗಿಗಳು ಅಲ್ಲಿ ಒಂದೇ ನಕ್ಷೆಯಂತೆ ಸಾಲಾಗಿ ಕಟ್ಟಿದ ಮನೆಗಳ ಲೆಕ್ಕವನ್ನು ಪರಿಶೀಲಿಸಲಾಗಿ, ಚಳಿಗಾಲದಲ್ಲಿ ಒಂದು ಮನೆ ಉರಿಸುವ ಅನಿಲವು ಅದರಂಥದೇ ಇನ್ನೊಂದರ ಎರಡರಷ್ಟಿರುವುದೂ ಉಂಟೆಂಬುದು ಕಂಡುಬಂದಿತು. ಅದೇ ಬಡಾವಣೆಯನ್ನು ಕುರಿತು 1978ರಲ್ಲಿ ರಾಬರ್ಟ್ ಸಾಂಡರೆಗರ್ ಪ್ರಕಟಿಸಿದ ಲೇಖನವಂತೂ ಮರ್ಮಕ್ಕೇ ಕೈಯಿಟ್ಟಿತು: ಒಕ್ಕಲು ಬದಲಾದೊಡನೆ ಮನೆಯ ವ್ಯಯವೂ ಬದಲಾಗುತ್ತಿತ್ತು, ಹಿಂದಿನವರ ಲೆಕ್ಕದಿಂದ ಮುಂದಿನವರದನ್ನು ಊಹಿಸುವಂತಿರಲಿಲ್ಲ. ಕೋಣೆಯನ್ನು ಎಷ್ಟು ಬೆಚ್ಚಗಿಡುವುದು, ಕಿಟಕಿಯನ್ನು ಎಷ್ಟು ಹೊತ್ತು ತೆರೆದಿಡುವುದು ಮೊದಲಾದ ನಿತ್ಯದ ಅಭ್ಯಾಸಗಳು, ಶಿಲ್ಪಿಯ ನಕ್ಷೆಯಲ್ಲೆಲ್ಲಿಯೂ ಕಾಣದವುಗಳು, ಅಳತೆಯಲ್ಲಿ ಪ್ರತ್ಯಕ್ಷವಾದವು.

ಕಿಟಕಿಯ ವಿಷಯದಲ್ಲಿ ಎಷ್ಟು ಹೊತ್ತು ಎಂಬುದಕ್ಕಿಂತ ಯಾವ ಹೊತ್ತು ಎಂಬುದೇ ನಮ್ಮ ನಾಡಿಗೆ ಮುಖ್ಯವಾದುದೆಂದು ನನ್ನ ಅಭಿಪ್ರಾಯ. ಒಂದು ಘನ ಮೀಟರ್ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 1.2 ಕಿಲೋಜೂಲ್ ಶಾಖ ಸಾಕು. ಅಷ್ಟೇ ಘನದ ಇಟ್ಟಿಗೆಗಾದರೋ ಅದರ ಸಾವಿರ ಪಟ್ಟಿಗೂ ಹೆಚ್ಚು ಬೇಕು. ಎಂದರೆ, ಮನೆಯ ಶಾಖದ ಭಂಡಾರವಿರುವುದು ಗಾಳಿಯಲ್ಲಲ್ಲ, ಗೋಡೆಯಲ್ಲಿ. ಜರ್ಮನಿಯ ಜನರು ಚಳಿಗಾಲದಲ್ಲಿ ಕಿಟಕಿಯನ್ನು ಐದು ಹತ್ತು ನಿಮಿಷ ಪೂರ್ತಿಯಾಗಿ ತೆರೆದು ಮುಚ್ಚುವುದರ ಮರ್ಮವೂ ಇದೇ: ಕೆಟ್ಟ ಗಾಳಿ ಹೋಗಿ ಹೊಸದು ಬಂದರೂ ಗೋಡೆಯ ಶಾಖ ಉಳಿಯುತ್ತದೆ, ದಿನವಿಡೀ ಸ್ವಲ್ಪವೇ ಓರೆಯಾಗಿ ತೆರೆದಿಟ್ಟ ಕಿಟಕಿಯೋ, ಗೋಡೆಯನ್ನೇ ತಣ್ಣಗಾಗಿಸುತ್ತದೆ.

ನಮ್ಮ ಬೇಸಗೆಯಲ್ಲಿ ಇದೇ ನಿಯಮ ತಲೆಕೆಳಗಾಗಿ ಉಪಯುಕ್ತವಾಗತಕ್ಕದ್ದು. ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ಮುಟ್ಟಿದ ಗಾಳಿ ಬೆಳಗಿನ ಜಾವಕ್ಕೆ ಹತ್ತು ಡಿಗ್ರಿಗೂ ಹೆಚ್ಚು ಇಳಿಯುತ್ತದೆ. ಆ ಹೊತ್ತಿನಲ್ಲಿ ಕಿಟಕಿಗಳು ತೆರೆದಿದ್ದರೆ ಗೋಡೆ ತನ್ನ ಶಾಖವನ್ನು ಬಿಟ್ಟುಕೊಡುತ್ತದೆ. ಬಿಸಿಲೇರುವ ಮುನ್ನ ಅವನ್ನು ಮುಚ್ಚಿದರೆ ಆ ತಂಪು ಮಧ್ಯಾಹ್ನದವರೆಗೂ ಒದಗುತ್ತದೆ. ಮಣ್ಣಿನ ಮಾಳಿಗೆ ಮನೆಯ ದಪ್ಪ ಗೋಡೆ, ಸಣ್ಣ ಕಿಟಕಿ, ಮೇಲಿನ ಬೆಳಕಿಂಡಿ ಇವು ಈ ಕ್ರಮಕ್ಕೆ ಅನುಕೂಲವಾಗಿದ್ದವು. ಇಂದಿನ ಆರ್‌ಸಿಸಿ ಮನೆಯಲ್ಲಿ ರಾತ್ರಿ ಹತ್ತು ಗಂಟೆಗೆ ಪಡುವಣ ಗೋಡೆಯನ್ನು ಮುಟ್ಟಿ ನೋಡಿದರೆ ಇನ್ನೂ ಬಿಸಿಯಾಗಿಯೇ ಇರುತ್ತದೆ. ರಾತ್ರಿ ಕಿಟಕಿ ತೆರೆಯುವುದು ಅಲ್ಲಿ ಇನ್ನೂ ಅಗತ್ಯ. ಆದರೂ ನಾವು ಮಾಡುವುದು ಈ ಕ್ರಮಕ್ಕೆ ವಿರುದ್ಧ. ದೀಪ ಹಚ್ಚುವ ಹೊತ್ತಿಗೆ ಸೊಳ್ಳೆ ಬಂದಾವೆಂದು ಮುಚ್ಚಿದ ಕಿಟಕಿ ಕಳ್ಳರ ಭಯದಿಂದ ರಾತ್ರಿಯಿಡೀ ಮುಚ್ಚಿಯೇ ಇದ್ದು, ಬೆಳಗ್ಗೆ ಕಸ ಗುಡಿಸುವಾಗ ತೆರೆದದ್ದು ಉರಿಬಿಸಿಲಿಗೂ ತೆರೆದೇ ಇರುತ್ತದೆ. ಆಮೇಲೆ ಏಸಿ ಹಾಕುತ್ತೇವೆ. ಒಂದೂವರೆ ಟನ್ನಿನ ಯಂತ್ರ ಎಳೆಯುವ ಸುಮಾರು 1500 ವ್ಯಾಟಿನಲ್ಲಿ 75 ವ್ಯಾಟಿನ ಇಪ್ಪತ್ತು ಫ್ಯಾನುಗಳು ತಿರುಗಬಲ್ಲವು. ಕೂಲರ್ ಇಟ್ಟವರಂತೂ ಕಿಟಕಿ ಮುಚ್ಚಿದರೆ ಹಬೆಯಲ್ಲಿ ಕುಳಿತಂತೆ. ತೇವದ ಗಾಳಿ ಹೊರಹೋಗಲು ದಾರಿಯಿದ್ದರೆ ಮಾತ್ರ ಅದು ತಂಪು ಕೊಟ್ಟೀತು.

ರಾತ್ರಿ ತೆರೆದು ಹಗಲು ಮುಚ್ಚುವ ಈ ಕ್ರಮ ಮಂಗಳೂರಿಗೆ ಅಷ್ಟಾಗಿ ಸಲ್ಲದು. ಕಡಲ ತಡಿಯಲ್ಲಿ ರಾತ್ರಿಯೂ ಸೆಕೆ ಹೆಚ್ಚು ಇಳಿಯದು. ಅಲ್ಲಿ ಬೇಕಾದುದು ಮೈಮೇಲೆ ಹಾಯುವ ಗಾಳಿ, ಎದುರುಬದುರು ಕಿಟಕಿ.

ಸಾಯಂಕಾಲ ಕಿಟಕಿ ಮುಚ್ಚುವ ಗೃಹಿಣಿಯನ್ನು ದೂರುವುದು ಅನ್ಯಾಯ. ತೊಟ್ಟಿಲ ಮಗುವನ್ನು ಸೊಳ್ಳೆಗಳಿಂದ ಕಾಪಾಡಬೇಕಾದ ತಾಯಿಗೆ ವಿದ್ಯುತ್ತಿನ ಲೆಕ್ಕ ಹೇಳುವ ಅಧಿಕಾರ ನಮಗಾರಿಗೂ ಇಲ್ಲ. ದೋಷವಿರುವುದು, ರಾತ್ರಿ ನಿರ್ಭಯವಾಗಿ ತೆರೆದಿಡಲಾಗದ ಕಿಟಕಿಯನ್ನು ಕಟ್ಟಿಕೊಟ್ಟವರಲ್ಲಿ. ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಹೊರಡಿಸಿದ ಇಕೋ ನಿವಾಸ್ ಸಂಹಿತೆಯು ತೆರೆಯಬಲ್ಲ ಕಿಂಡಿಯ ವಿಸ್ತೀರ್ಣವು ನೆಲದ ವಿಸ್ತೀರ್ಣದಲ್ಲಿ ಒಣಬಿಸಿಲಿನ ಸೀಮೆಗೆ ಶೇಕಡ 10, ಸಮಶೀತೋಷ್ಣ ಸೀಮೆಗೆ 12.5, ಸೆಕೆಯ ಕರಾವಳಿಗೆ 16.66 ಇರತಕ್ಕದ್ದೆಂದು ವಿಧಿಸಿರುವುದು ಸ್ವಾಗತಾರ್ಹವೇ ಸರಿ. ಆದರೆ ಸೊಳ್ಳೆ ಪರದೆಯ ಚೌಕಟ್ಟಾಗಲಿ ಗಟ್ಟಿ ಸರಳಾಗಲಿ ಇಲ್ಲದ ಕಿಟಕಿ ಕಾಗದದಲ್ಲಿ ತೆರೆಯಬಲ್ಲುದಾದರೂ, ಅದನ್ನು ತೆರೆಯಲೇಬೇಕಾದ ಹೊತ್ತಿನಲ್ಲಿ ಗೋಡೆಯೇ ಆಗಿರುತ್ತದೆ. ಆದಕಾರಣ ನಗರಸಭೆಗಳು ನಕ್ಷೆಗೆ ಮಂಜೂರಾತಿ ಕೊಡುವಾಗ, ಸರ್ಕಾರ ಬಡವರಿಗೆ ಮನೆ ಕಟ್ಟಿಸುವಾಗ, ಪರದೆಯೂ ಸರಳೂ ಉಳ್ಳ ಕಿಟಕಿಯನ್ನು ಮಾತ್ರ ಆ ಶೇಕಡಾವಾರು ಲೆಕ್ಕಕ್ಕೆ ಹಿಡಿಯಬೇಕೆಂದೂ, ಪರದೆಯ ವೆಚ್ಚವನ್ನು ಬಾಗಿಲು ಚಿಲಕಗಳ ವೆಚ್ಚದಂತೆಯೇ ಅಂದಾಜುಪಟ್ಟಿಯಲ್ಲಿ ಸೇರಿಸಬೇಕೆಂದೂ ಈ ವೇದಿಕೆಯಿಂದ ಒತ್ತಾಯಪೂರ್ವಕವಾಗಿ ಕೇಳಿಕೊಳ್ಳುತ್ತೇನೆ.