ಮಲಬಾರಿನ ತೇಗ, ಬಾಂಬೆಯ ಬಡಗಿಗಳು, ಬ್ರಿಟನ್ನಿನ ಯುದ್ಧನೌಕೆ

ಇಂಗ್ಲೆಂಡಿನ ಈಶಾನ್ಯ ಕರಾವಳಿಯಲ್ಲಿ ಹಾರ್ಟಲ್‌ಪೂಲ್ ಅಂತ ಒಂದು ಊರಿದೆ. ಅಲ್ಲಿನ ಹಳೇ ಬಂದರಿನಲ್ಲಿ ಮೂರು ಪಟಸ್ತಂಭಗಳ ಒಂದು ಹಡಗು ನಿಂತಿದೆ. ಹೆಸರು ಟ್ರಿಂಕೋಮಲಿ. ನೀರಿನ ಮೇಲೆ ಇನ್ನೂ ತೇಲುತ್ತಿರುವ ಬ್ರಿಟಿಷ್ ಯುದ್ಧನೌಕೆಗಳಲ್ಲಿ ಇದೇ ಅತ್ಯಂತ ಹಳೆಯದು. ನೆಲ್ಸನ್ನನ ವಿಕ್ಟರಿ ಇದಕ್ಕಿಂತ ಹಳೆಯದು ನಿಜ, ಆದರೆ ಅದು ಪೋರ್ಟ್ಸ್‌ಮತ್‌ನ ಡ್ರೈಡಾಕ್‌ನಲ್ಲಿ ಕೂತಿದೆ, ನೀರಲ್ಲಿಲ್ಲ. ಈ ಟ್ರಿಂಕೋಮಲಿ ಹುಟ್ಟಿದ್ದು ಇಂಗ್ಲೆಂಡಿನಲ್ಲಲ್ಲ. ನಮ್ಮ ಬಾಂಬೆಯಲ್ಲಿ. ಅದರ ಮರ ಮಲಬಾರಿನ ತೇಗ. ಅಷ್ಟು ದೂರದ ರಾಜನೌಕಾಪಡೆ ಹಡಗು ಕಟ್ಟಿಸೋಕೆ ನಮ್ಮ ಕಡೆಗೆ ಯಾಕೆ ಬಂತು, ಇವತ್ತು ಅದನ್ನೇ ಮಾತಾಡೋಣ.

ಹಾಯಿ ಹಡಗಿನ ಕಾಲದ ಯುದ್ಧನೌಕೆ ಅಂದರೆ ನಮಗೆ ಕಣ್ಣಿಗೆ ಬರೋದು ತೋಪುಗಳು. ಆದರೆ ಅದನ್ನು ಮೊದಲು ಒಂದು ಕಾಡು ಅಂತ ನೋಡಬೇಕು. ವಿಕ್ಟರಿಯನ್ನೇ ತಗೊಳ್ಳಿ. 1759ರಲ್ಲಿ ಚಾಥಮ್‌ನಲ್ಲಿ ಕೆಲಸ ಶುರು, 1765ರಲ್ಲಿ ನೀರಿಗಿಳಿಯಿತು. ಅದಕ್ಕೆ ಹೋದದ್ದು ಸುಮಾರು 6,000 ಮರ, ಬಹುಪಾಲು ಓಕ್. ನೂರಕ್ಕೂ ಹೆಚ್ಚು ತೋಪು, ಟ್ರಫಾಲ್ಗರ್ ಕದನದ ಹೊತ್ತಿಗೆ 800ಕ್ಕೂ ಮಿಕ್ಕಿ ಜನ. ಕೆಳಗಿನ ಅಂತಸ್ತಿನ ತೋಪುಗಳ ಒಂದೊಂದು ಗುಂಡೇ 32 ಪೌಂಡು, ಅಂದರೆ ಹೆಚ್ಚುಕಡಿಮೆ ಹದಿನಾಲ್ಕೂವರೆ ಕೆ.ಜಿ. ಇಷ್ಟು ಭಾರವನ್ನು ಹೊತ್ತುಕೊಂಡು, ಹಾರಿಸಿದಾಗ ಆಗುವ ಧಕ್ಕೆ ತಡಕೊಂಡು, ವರ್ಷಗಟ್ಟಲೆ ಉಪ್ಪುನೀರಿನಲ್ಲಿ ಇರಬೇಕು.

ಎಂಥ ಓಕ್ ಆದರೂ ಆಗ್ತಿತ್ತು ಅಂತಲೂ ಅಲ್ಲ. ಹಡಗಿನ ಒಡಲು ಬಾಗಿರುತ್ತದಲ್ಲ, ಆ ಪಕ್ಕೆಲುಬುಗಳಿಗೆ ಬಾಗಿಕೊಂಡೇ ಬೆಳೆದ ಮರ ಬೇಕು. ನೇರ ಮರವನ್ನು ಬಾಗಿದ ಆಕಾರಕ್ಕೆ ಕೊಯ್ದರೆ ನಾರು ತುಂಡಾಗಿ ಬಲ ಹೋಗುತ್ತದೆ. ಡೆಕ್ಕಿನ ತೊಲೆ ಪಕ್ಕದ ಗೋಡೆಗೆ ಸೇರುವ ಕಡೆ ಮಡಿಸಿದ ಮೊಣಕಾಲಿನಂಥ ತುಂಡು ಬೇಕಿತ್ತು. ದೊಡ್ಡ ಕೊಂಬೆ ಕಾಂಡದಿಂದ ಕವಲೊಡೆಯುವ ಜಾಗವನ್ನೇ ಹುಡುಕಿ ಕಡೀತಿದ್ದರು. ನೇಗಿಲಿಗೆ ಮರ ಹುಡುಕುವಾಗ ನಮ್ಮ ರೈತರು ಬಾಗಿದ್ದನ್ನೇ ನೋಡಿ ಆರಿಸುತ್ತಿದ್ದರಲ್ಲ, ಅದೇ ಕಣ್ಣು. ಅಂಥ ಓಕ್ ಬೆಳೆಯೋಕೆ ನೂರು ವರ್ಷ ಬೇಕು. ನೆಲ್ಸನ್ನನ ಜೊತೆಗಾರ ಅಡ್ಮಿರಲ್ ಕಾಲಿಂಗ್‌ವುಡ್ ವಾಕಿಂಗ್ ಹೋಗುವಾಗ ಜೇಬಿನಲ್ಲಿ ಓಕ್ ಬೀಜ ಇಟ್ಟುಕೊಂಡು, ಸಿಕ್ಕ ಕಡೆ ನೆಲಕ್ಕೆ ಊರುತ್ತಿದ್ದನಂತೆ. ಮುಂದಿನ ಶತಮಾನದ ಹಡಗಿಗೆ ಮರ ಇರಲಿ ಅಂತ. ಪಾಪ, ಆ ಗಿಡಗಳು ಬಲಿಯುವ ಮುಂಚೆಯೇ, 1860ರಲ್ಲಿ, ಕಬ್ಬಿಣದ ಒಡಲಿನ ವಾರಿಯರ್ ನೀರಿಗಿಳಿದಿತ್ತು.

ನೆಪೋಲಿಯನ್ ಜೊತೆಗಿನ ಯುದ್ಧದ ಕಾಲಕ್ಕೆ ಓಕ್ ಕೊರತೆ ಜೋರಾಯಿತು. ಆಗ ಕಣ್ಣು ಬಿದ್ದದ್ದು ಬಾಂಬೆಯ ಮೇಲೆ.

ಅಲ್ಲಿ ವಾಡಿಯಾ ಕುಟುಂಬ ಇತ್ತು. ಲವ್ಜಿ ನುಸ್ಸರ್‌ವಾನ್‌ಜಿ ವಾಡಿಯಾ ಅನ್ನುವ ಪಾರ್ಸಿ ಬಡಗಿ 1730ರ ದಶಕದಲ್ಲಿ ಸೂರತ್‌ನಿಂದ ಬಂದು ಕಂಪನಿಗೆ ಹಡಗು ಕಟ್ಟೋಕೆ ಶುರು ಮಾಡಿದ. 1750ರಲ್ಲೇ ಬಾಂಬೆಗೆ ಡ್ರೈಡಾಕ್ ಬಂತು. ಅದೇ ವಂಶದ ಜಮ್‌ಶೇಟ್‌ಜಿ ಬೊಮ್ಮನ್‌ಜಿ 1810ರಲ್ಲಿ 74 ತೋಪುಗಳ ಮಿಂಡನ್ ಕಟ್ಟಿ ಕೊಟ್ಟ. ಸಣ್ಣ ಮಾತಲ್ಲ ಇದು. ನೌಕಾಪಡೆಯ ಮುಂಚೂಣಿಯಲ್ಲಿ ಸಾಲುಗಟ್ಟಿ ನಿಂತು ಹೋರಾಡುವ ದರ್ಜೆಯ ಹಡಗನ್ನು ಬ್ರಿಟನ್ನಿನ ಹೊರಗೆ ಕಟ್ಟಿಸುವುದು ತೀರಾ ಅಪರೂಪವಾಗಿತ್ತು. ತೇಗದ ಗುಣವೂ ಗೊತ್ತಲ್ಲ ನಿಮಗೆ. ಅದರಲ್ಲೇ ಎಣ್ಣೆ ಅಂಶ ಇರುತ್ತದೆ, ಬೇಗ ಕೊಳೆಯೋದಿಲ್ಲ. ಓಕ್‌ನ ಆಮ್ಲ ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ. ತೇಗ ಅದನ್ನು ಕಾಪಾಡುತ್ತದೆ.

1812ರಲ್ಲಿ ಎರಡು ಫ್ರಿಗೇಟ್‌ಗಳಿಗೆ ಬಾಂಬೆಗೆ ಆರ್ಡರ್ ಬಂತು. ಫ್ರಿಗೇಟ್ ಅಂದರೆ ಒಂದೇ ಪೂರ್ಣ ತೋಪಿನ ಅಂತಸ್ತು ಇರುವ ಚುರುಕಿನ ಹಡಗು. ಗಸ್ತು, ಬೇಹು, ವ್ಯಾಪಾರಿ ಹಡಗುಗಳ ಕಾವಲು, ಎಲ್ಲಕ್ಕೂ ಅದೇ. ನಕ್ಷೆಗಳನ್ನು ಜಾವಾ ಅನ್ನುವ ಯುದ್ಧನೌಕೆಯಲ್ಲಿ ಹಾಕಿ ಕಳಿಸಿದರು. ಬಾಂಬೆಯ ಹುದ್ದೆಗೆ ನೇಮಕವಾಗಿದ್ದ ಜನರಲ್ ಹಿಸ್ಲಾಪ್ ಕೂಡ ಅದರಲ್ಲೇ ಇದ್ದ. ಆದರೆ ಅಷ್ಟರಲ್ಲಿ ಅಮೆರಿಕದ ಜೊತೆಗೂ ಯುದ್ಧ ಶುರುವಾಗಿತ್ತು. 1812ರ ಡಿಸೆಂಬರ್ 29ರಂದು ಬ್ರೆಜಿಲ್ ಕರಾವಳಿಯಾಚೆ ಅಮೆರಿಕದ ಕಾನ್‌ಸ್ಟಿಟ್ಯೂಷನ್ ಎದುರಾಯಿತು. ಜಾವಾದ ಪಟಸ್ತಂಭಗಳು ಒಂದೊಂದಾಗಿ ಉರುಳಿದವು, ಕ್ಯಾಪ್ಟನ್ ಲ್ಯಾಂಬರ್ಟ್ ಮಾರಣಾಂತಿಕವಾಗಿ ಗಾಯಗೊಂಡ, ಶರಣಾದ ಹಡಗನ್ನು ಅಮೆರಿಕನ್ನರು ಸುಟ್ಟುಹಾಕಿದರು. ನಕ್ಷೆಗಳೂ ಹೋದವು. ಮತ್ತೆ ಪ್ರತಿ ತೆಗೆದು ಕಳಿಸಬೇಕಾಯಿತು. ಇಮೇಲ್ ಕಾಲವಲ್ಲ ನೋಡಿ.

ಹಾಗಾಗಿ ಟ್ರಿಂಕೋಮಲಿಯ ಕೆಲಸ ಶುರುವಾದದ್ದೇ 1816ರಲ್ಲಿ. ಹಡಗಿನ ಬೆನ್ನುಮೂಳೆಯಂಥ ಅಡಿಮರಕ್ಕೆ ಪಾರ್ಸಿ ಪದ್ಧತಿಯಂತೆ ಬೆಳ್ಳಿಯ ಮೊಳೆ ಹೊಡೆದರು. 1817ರ ಅಕ್ಟೋಬರ್ 12ರಂದು ನೀರಿಗಿಳಿಯಿತು. ತೋಪಿನ ಅಂತಸ್ತು 150 ಅಡಿ ಉದ್ದ. ಆದರೆ ಅಷ್ಟು ಹೊತ್ತಿಗೆ ವಾಟರ್ಲೂ ಮುಗಿದು ಎರಡು ವರ್ಷವಾಗಿತ್ತು! ಯಾವ ಯುದ್ಧಕ್ಕೆ ಬೇಕಿತ್ತೋ ಆ ಯುದ್ಧವೇ ಇರಲಿಲ್ಲ. 1819ರಲ್ಲಿ ಪೋರ್ಟ್ಸ್‌ಮತ್ ತಲುಪಿದ ಹಡಗನ್ನು ಸುಮ್ಮನೆ ಕಟ್ಟಿಹಾಕಿ, 1840ರ ದಶಕದವರೆಗೆ ಹಾಗೇ ಬಿಟ್ಟರು.

ಹೆಸರಿನ ಬಗ್ಗೆ ಒಂದು ಮಾತು. ಟ್ರಿಂಕೋಮಲಿ ಶ್ರೀಲಂಕಾದ ಬಂದರು, 1782ರಲ್ಲಿ ಅದರ ಹೊರಗೆ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಫ್ರೆಂಚರ ಜೊತೆ ಕಾದಾಡಿದ್ದ. ಇದೇ ಹ್ಯೂಸ್ ಅದಕ್ಕೆ ಎರಡು ವರ್ಷ ಮುಂಚೆ, 1780ರ ಡಿಸೆಂಬರಿನಲ್ಲಿ, ನಮ್ಮ ಮಂಗಳೂರಿಗೆ ಬಂದಿದ್ದ. ಹೈದರಾಲಿ ಅಲ್ಲಿ ಕಟ್ಟಿಸಿಕೊಂಡಿದ್ದ ನೌಕಾಪಡೆಯನ್ನು ನಾಶಮಾಡಿ ಹೋದ. ಶಾಲೆಯ ಪುಸ್ತಕದಲ್ಲಿ ಮೈಸೂರು ಯುದ್ಧ ಅಂದರೆ ಕುದುರೆ, ಕೋಟೆ, ರಾಕೆಟ್ ಅಷ್ಟೇ ಬರುತ್ತದೆ. ಸಮುದ್ರದ ಕಥೆ ಯಾಕೋ ಬರೋದೇ ಇಲ್ಲ.

ಈಗ ಮರ ಎಲ್ಲಿಂದ ಬಂತು ಅನ್ನೋ ಭಾಗ. ನನ್ನ ಮಟ್ಟಿಗೆ ಇದೇ ಮುಖ್ಯವಾದದ್ದು. 1806ರಲ್ಲಿ ಕಂಪನಿಯವರು ಪೊಲೀಸ್ ಇಲಾಖೆಯ ಕ್ಯಾಪ್ಟನ್ ವ್ಯಾಟ್ಸನ್ ಎಂಬುವನನ್ನು ಅರಣ್ಯ ಸಂರಕ್ಷಕನಾಗಿ ನೇಮಿಸಿದರು. ಹೆಸರೇನೋ ಸಂರಕ್ಷಕ, ಕೆಲಸ ಮಾತ್ರ ನೌಕಾಪಡೆಗೆ ತೇಗ ಒದಗಿಸೋದು. ಮರುವರ್ಷ ತೇಗವೆಲ್ಲ ಸರ್ಕಾರದ್ದು, ಅನುಮತಿ ಇಲ್ಲದೆ ಕಡಿಯೋ ಹಾಗಿಲ್ಲ ಅಂತ ಘೋಷಣೆಯೂ ಆಯಿತು. ಮಲಬಾರಿನಲ್ಲಿ ಕಾಡಿಗೆ ಒಡೆಯರಿದ್ದರು, ಮರದ ವ್ಯಾಪಾರಿಗಳಿದ್ದರು. ಅವರ ಹಕ್ಕು ಒಂದು ಕಾಗದದಲ್ಲಿ ಹೋಯಿತು. ಕಾಡಿನ ಪಕ್ಕದ ರೈತರ ಸೌದೆಗೂ ತೊಂದರೆ ಬಂತು. ಆನೆಗಳು ದಿಮ್ಮಿಗಳನ್ನು ಹೊಳೆಗೆ ಎಳೆದವು, ಹೊಳೆಗಳು ಕಡಲಿಗೆ ತಂದವು, ಅಲ್ಲಿಂದ ಬಾಂಬೆಗೆ. ಹಡಗಿನ ಚರಿತ್ರೆಗಳಲ್ಲಿ ಜಮ್‌ಶೇಟ್‌ಜಿಯ ಹೆಸರಿದೆ, ಇರಬೇಕಾದ್ದೇ. ಮರ ಕಡಿದವರ, ಗರಗಸ ಎಳೆದವರ, ಮಾವುತರ ಹೆಸರು ಹುಡುಕಿದರೆ ಸಿಗೋದಿಲ್ಲ.

ಅಸಮಾಧಾನ ಬೆಳೆಯುತ್ತಾ ಹೋಯಿತು. ಕೊನೆಗೆ 1823ರಲ್ಲಿ ಈ ಹುದ್ದೆಯನ್ನೇ ರದ್ದು ಮಾಡಿದ್ದು ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ. ಟಿಪ್ಪು ಪತನದ ನಂತರ ನಮ್ಮ ಕೆನರಾ ಜಿಲ್ಲೆಗೆ ಮೊದಲ ಕಲೆಕ್ಟರ್ ಆಗಿ ಬಂದಿದ್ದ ಅದೇ ಮನ್ರೋ. ಮರ ಕಡಿಯುವುದು ನಿಂತಿತು ಅಂದುಕೊಳ್ಳಬೇಡಿ. ವ್ಯಾಪಾರಿಗಳ ಕೈಗೆ ಹೋಯಿತು, ಅಷ್ಟೆ.

ಟ್ರಿಂಕೋಮಲಿ ಮಾತ್ರ ಬದುಕಿತು. ತರಬೇತಿ ಹಡಗಾಯಿತು, 1897ರಲ್ಲಿ ಗುಜರಿಗೆ ಮಾರಾಟವೂ ಆಯಿತು. ಒಡೆಯುವ ಮುಂಚೆ ವೀಟ್ಲಿ ಕಾಬ್ ಎಂಬಾತ ಕೊಂಡುಕೊಂಡ. ಅವನ ಫೂಡ್ರಾಯಂಟ್ ಅನ್ನುವ ಹಡಗು ಅದೇ ವರ್ಷ ಬಿರುಗಾಳಿಗೆ ಸಿಕ್ಕಿ ಹಾಳಾಗಿತ್ತು, ಆ ಹೆಸರನ್ನೇ ಇದಕ್ಕೆ ಇಟ್ಟ. 1980ರ ದಶಕದವರೆಗೂ ಹುಡುಗ ಹುಡುಗಿಯರು ಇದರಲ್ಲಿ ತರಬೇತಿ ಪಡೆದರು. 1987ರಲ್ಲಿ ಹಾರ್ಟಲ್‌ಪೂಲ್‌ಗೆ ತಂದು ದುರಸ್ತಿ ಶುರು ಮಾಡಿದರು, 1992ರಲ್ಲಿ ಹಳೇ ಹೆಸರು ವಾಪಸ್ ಬಂತು, 2001ರಲ್ಲಿ ಕೆಲಸ ಮುಗಿಯಿತು. ಒಡಲಿನ ಬಹಳಷ್ಟು ಭಾಗ ಈಗಲೂ ಅದೇ ತೇಗ.

ಇನ್ನೊಂದು ಹೇಳಿ ಮುಗಿಸುತ್ತೇನೆ. ತೇಗ ಖಾಲಿಯಾಗ್ತಾ ಬಂದಾಗ ಮಲಬಾರಿನ ಕಲೆಕ್ಟರ್ ಕನೋಲಿ 1840ರ ದಶಕದಲ್ಲಿ ನೀಲಾಂಬೂರಿನಲ್ಲಿ ತೇಗದ ತೋಟ ಹಾಕಿಸಿದ. ಚಾತು ಮೆನನ್ ಎಂಬ ಅಧಿಕಾರಿ ಬೀಜ ಮೊಳೆಸಿ, ಗಿಡ ನೆಡಿಸಿ ಬೆಳೆಸಿದರು. ಉದ್ದೇಶ ಹಡಗುಗಳೇ. ಕಾಲಿಂಗ್‌ವುಡ್‌ನ ಓಕ್‌ಗೆ ಆದದ್ದೇ ಇದಕ್ಕೂ ಆಯಿತು, ಗಿಡ ಬೆಳೆಯುವಷ್ಟರಲ್ಲಿ ಕಬ್ಬಿಣ ಬಂತು. ಆ ತೇಗದ ಮರಗಳಲ್ಲಿ ಕೆಲವು ಚಾಲಿಯಾರ್ ನದಿಯ ದಡದಲ್ಲಿ ಇವತ್ತಿಗೂ ನಿಂತಿವೆ. ಮೈಸೂರು, ಗುಂಡ್ಲುಪೇಟೆ ಕಡೆಯಿಂದ ಗೂಡಲೂರು ಘಾಟಿ ಇಳಿದು ಹೋದರೆ ನೋಡಬಹುದು.